ಕಿಟಕಿ ಯಾವ ಕಡೆಗಿದೆ?

"ಅಲ್ವೇ, ನೀನು ಬರ್ಲಿನ್ನಿನಲ್ಲೇ ಇದ್ದು ಬಂದವಳು. ನಮ್ಮ ಹುಡುಗಿಗೆ ಅಲ್ಲಿ ರೂಮು ಸಿಕ್ಕಿದೆಯಂತೆ. ಬೀದಿ ತುಂಬಾ ಬಾರಂತೆ, ಬೆಳಗಿನ ಜಾವದವರೆಗೂ ಜನವಂತೆ. ಅಂಥ ಕಡೆ ಮನೆ ಮಾಡಬಹುದಾ? ಇವರಂತೂ ನಿನ್ನೆಯಿಂದ ಸರಿಯಾಗಿ ಊಟಾನೇ ಮಾಡಿಲ್ಲ."

ಪಕ್ಕದ ಮನೆ ಅಕ್ಕ ಬಟ್ಟೆ ಒಣಹಾಕುತ್ತಾ ಕಾಂಪೌಂಡಿನ ಆಚೆಯಿಂದ ಕೇಳಿದ ಪ್ರಶ್ನೆ ಇದು. ಬೀದಿ ಯಾವುದು ಅಂದೆ. ಒಳಗಿನಿಂದ ಫೋನು ತಂದು ತೋರಿಸಿದರು. ಫ್ರೀಡ್ರಿಕ್ಸ್‌ಹೈನ್ ಪ್ರದೇಶ, ಸಿಮೋನ್ ಡಾಖ್ ಸ್ಟ್ರಾಸೆ. ಆ ಬೀದಿಯ ಎರಡೂ ಪಕ್ಕ ಬಾರು, ಹೋಟೆಲು, ಕಾಫಿ ಅಂಗಡಿ. ದಕ್ಷಿಣದ ತುದಿಗೆ ಹೋದರೆ 1867ರಲ್ಲಿ ಶುರುವಾದ ರೈಲ್ವೆ ರಿಪೇರಿ ಕಾರ್ಖಾನೆಯ ಹಳೇ ಶೆಡ್ಡುಗಳು. ಈಗ ಅವುಗಳೊಳಗೆ ಕ್ಲಬ್ಬುಗಳು. ಇನ್ನೂ ಸ್ವಲ್ಪ ಪಶ್ಚಿಮಕ್ಕೆ ನಡೆದರೆ ಹಳೇ ವಿದ್ಯುತ್ ಸ್ಥಾವರದೊಳಗೆ 2004ರಲ್ಲಿ ತೆರೆದ ಕ್ಲಬ್ಬು ಬೆರ್ಗ್‌ಹೈನ್. ಅಲ್ಲಿ ಶನಿವಾರ ರಾತ್ರಿ ಶುರುವಾದ ಕುಣಿತ ಸೋಮವಾರ ಬೆಳಗ್ಗೆ ಮುಗಿಯುತ್ತದೆ.

"ಮಾಡಬಹುದು ಅಕ್ಕ. ಆದರೆ ಅವಳನ್ನ ಒಂದು ಮಾತು ಕೇಳಿ. ಮಲಗೋ ಕೋಣೆ ಕಿಟಕಿ ಬೀದಿ ಕಡೆಗಿದೆಯಾ, ಒಳಗಿನ ಅಂಗಳದ ಕಡೆಗಿದೆಯಾ ಅಂತ."

"ನಾನು ಕುಡುಕರ ವಿಷಯ ಕೇಳಿದ್ರೆ ನೀನು ಕಿಟಕಿ ವಿಷಯ ಹೇಳ್ತೀಯಲ್ಲೇ!"

ಕಿಟಕಿಯದೇ ದೊಡ್ಡ ವಿಷಯ. ಬರ್ಲಿನ್ನಿನ ಹಳೇ ಮನೆಗಳು ಹತ್ತೊಂಬತ್ತನೇ ಶತಮಾನದಲ್ಲಿ ಕಾರ್ಖಾನೆ ಕೆಲಸಕ್ಕೆಂದು ಜನ ಬಂದು ತುಂಬಿಕೊಂಡ ಕಾಲದಲ್ಲಿ ಕಟ್ಟಿದವು. ಬೀದಿಗೆ ಮುಖ ಮಾಡಿ ಐದಂತಸ್ತಿನ ಒಂದು ಕಟ್ಟಡ, ಅದರ ಬೆನ್ನಿಗೆ ಅಂಗಳ, ಅಂಗಳದ ಪಕ್ಕಗಳಲ್ಲಿ ಉದ್ದಕ್ಕೆ ಚಾಚಿದ ಮನೆಗಳು, ಹಿಂದೆ ಇನ್ನೊಂದು ಕಟ್ಟಡ. ಥೇಟ್ ನಮ್ಮ ಹಳೇ ವಠಾರ. 1853ರ ಕಟ್ಟಡ ನಿಯಮದಂತೆ ಅಂಗಳ ಕನಿಷ್ಠ 5.34 ಮೀಟರ್ ಉದ್ದ, ಅಷ್ಟೇ ಅಗಲ ಇರಬೇಕಿತ್ತು. ಬೆಂಕಿ ಬಿದ್ದರೆ ನೀರಿನ ಪಂಪಿನ ಗಾಡಿ ಒಳಗೆ ಬಂದು ತಿರುಗಿಕೊಳ್ಳಲಿ ಅಂತ ಇಟ್ಟ ಲೆಕ್ಕ ಅದು. ಬೆಂಕಿಗೆಂದು ಬಿಟ್ಟ ಆ ಜಾಗವೇ ಇವತ್ತು ಜನರ ನಿದ್ದೆ ಕಾಯುತ್ತಿದೆ.

ಒಂದೇ ಮನೆಯಲ್ಲಿ ಎರಡು ಬೇರೆ ಬೇರೆ ಊರು ಇರುತ್ತವೆ ಅಂದರೆ ಅಕ್ಕನಿಗೆ ನಂಬಿಕೆ ಬರಲಿಲ್ಲ. ಶುಕ್ರವಾರ ರಾತ್ರಿ ಮುಂದಿನ ಕೋಣೆಯಲ್ಲಿ ಮಲಗಿ ನೋಡಬೇಕು. ಕಾಟ ಸಂಗೀತದ್ದಲ್ಲ, ಅದು ಬಹುಮಟ್ಟಿಗೆ ಗೋಡೆಯೊಳಗೇ ಉಳಿಯುತ್ತದೆ. ಬಾಗಿಲಾಚೆ ಸಿಗರೇಟು ಹಿಡಿದು ನಿಂತವರ ಮಾತು, ನಗು, ಎರಡು ಗಂಟೆಗೆ ಶುರುವಾಗಿ ಮೂರಾದರೂ ಮುಗಿಯದ ಬೀಳ್ಕೊಡುಗೆ, ಫುಟ್‌ಪಾತಿನ ಮೇಲೆ ಉರುಳುವ ಬಾಟಲಿ. ನಾಲ್ಕೂವರೆಗೆ ಬೆಳಗಿನ ವಿಮಾನ ಹಿಡಿಯುವವರು ಸೂಟ್‌ಕೇಸು ಎಳೆದುಕೊಂಡು ಹೊರಡುತ್ತಾರೆ. ಕಲ್ಲು ಹಾಸಿದ ಬೀದಿಯ ಮೇಲೆ ಆ ಪುಟ್ಟ ಚಕ್ರಗಳ ಗಡಗಡ ಮೂರನೇ ಮಹಡಿಯ ಹಾಸಿಗೆಯವರೆಗೂ ಸ್ಪಷ್ಟವಾಗಿ ಕೇಳಿಬರುತ್ತದೆ. ಅದೇ ಹೊತ್ತಿನಲ್ಲಿ ಅಂಗಳದ ಕಡೆಯ ಕೋಣೆಗೆ ಹೋದರೆ ಕೆಳಗೆ ಯಾರೋ ಸೈಕಲ್ಲಿಗೆ ಬೀಗ ಹಾಕಿದ್ದು ಕೇಳಿಸುತ್ತದೆ, ಎದುರು ಮನೆಯ ಅಜ್ಜ ಕೆಮ್ಮಿದ್ದು ಕೇಳಿಸುತ್ತದೆ. ನಡುವೆ ಇರುವುದು ಒಂದು ಪಡಸಾಲೆ, ಎರಡು ಗೋಡೆ ಮಾತ್ರ.

ಕಾಲವನ್ನೂ ನೋಡಬೇಕು. ನಮ್ಮ ಹುಡುಗರೆಲ್ಲ ಓದಲು ಹೋಗುವುದು ಹೆಚ್ಚಾಗಿ ಅಕ್ಟೋಬರಿಗೆ. ಚಳಿ ಶುರುವಾಗಿ ಜೋಡಿ ಗಾಜಿನ ಕಿಟಕಿಗಳೆಲ್ಲ ಮುಚ್ಚಿರುತ್ತವೆ, ಬೀದಿಯಲ್ಲಿ ಕುರ್ಚಿ ಹಾಕಿ ಕೂರುವವರು ಕಮ್ಮಿ. ಎಷ್ಟು ಶಾಂತವಾದ ಜಾಗ ಅಂತ ಮನೆಗೆ ಫೋನು ಮಾಡುತ್ತಾರೆ. ಜೂನ್ ಬರಲಿ. ಸೂರ್ಯ ಮುಳುಗುವುದೇ ರಾತ್ರಿ ಒಂಬತ್ತೂವರೆಗೆ, ಹುಟ್ಟುವುದು ಐದಕ್ಕೂ ಮುಂಚೆ. ಅಲ್ಲಿನ ಮನೆಗಳಲ್ಲಿ ಸಾಮಾನ್ಯವಾಗಿ ಫ್ಯಾನೂ ಇಲ್ಲ, ಏಸಿಯೂ ಇಲ್ಲ. ಸೆಕೆಗೆ ಕಿಟಕಿ ತೆರೆಯಲೇಬೇಕು, ತೆರೆದರೆ ಬೀದಿಯೇ ಕೋಣೆಯೊಳಗೆ ಬರುತ್ತದೆ. ಆದ್ದರಿಂದ ಇಂಥ ಕಡೆ ಮನೆ ನೋಡುವುದಾದರೆ ಜುಲೈ ತಿಂಗಳ ಶುಕ್ರವಾರ ರಾತ್ರಿ ನೋಡಬೇಕು. ಅದಾಗದಿದ್ದರೆ, ಅಲ್ಲಿ ಒಂದು ಬೇಸಿಗೆ ಕಳೆದವರನ್ನು ಕೇಳಬೇಕು.

ಅಷ್ಟರಲ್ಲಿ ಭಾವ ಪೇಪರು ಮಡಚಿಕೊಂಡು ಹೊರಗೆ ಬಂದರು. "ಅಲ್ಲಿ ಕಾನೂನು ಇಲ್ವೇನಮ್ಮ? ರಾತ್ರಿ ಇಷ್ಟು ಹೊತ್ತಿಗೆ ಅಂಗಡಿ ಮುಚ್ಚಬೇಕು ಅಂತ?"

ಇದೆ, ಇಲ್ಲ, ಎರಡೂ ಹೌದು. ಪಶ್ಚಿಮ ಬರ್ಲಿನ್ನಿನಲ್ಲಿ ಬಾರು ಮುಚ್ಚುವ ವೇಳೆಯ ನಿಯಮವನ್ನು 1949ರ ಜೂನಿನಲ್ಲೇ ತೆಗೆದುಹಾಕಿದರು. ಯುದ್ಧದಲ್ಲಿ ಸೋತು, ನಾಲ್ಕು ದೇಶಗಳ ಸೇನೆ ಹಂಚಿಕೊಂಡಿದ್ದ ನಗರ ಅದು. ಹೈನ್ಸ್ ಝೆಲರ್‌ಮೇಯರ್ ಎಂಬ ಹೋಟೆಲ್ ಉದ್ಯಮಿ ಅಮೆರಿಕದ ಸೇನಾಧಿಕಾರಿ ಫ್ರ್ಯಾಂಕ್ ಹೌಲಿಯವರ ಹತ್ತಿರ ಮಾತಾಡಿ ಒಪ್ಪಿಸಿದರು. ಬರ್ಲಿನ್ನಿನ ರಾತ್ರಿಗೆ ಈಗಿರುವ ಹೆಸರಿನ ಬೇರು ಅಲ್ಲಿದೆ. ಆದರೆ ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ನೆರೆಯವರ ನಿದ್ದೆ ಕೆಡಿಸುವ ಸದ್ದು ಮಾಡಬಾರದು ಎಂಬ ಕಾನೂನೂ ಅದೇ ನಗರದಲ್ಲಿದೆ. ಅಂಗಡಿ ತೆರೆದಿರಬಹುದು, ಸದ್ದು ಹೊರಗೆ ಹೋಗಬಾರದು. ನಮ್ಮ ದೇಶದ 2000ದ ಶಬ್ದಮಾಲಿನ್ಯ ನಿಯಮಗಳಲ್ಲೂ ರಾತ್ರಿ ಅಂದರೆ ಇದೇ ಹತ್ತರಿಂದ ಆರು. ವಸತಿ ಪ್ರದೇಶಕ್ಕೆ ರಾತ್ರಿ ನಮ್ಮಲ್ಲಿ 45 ಡೆಸಿಬಲ್ ಮಿತಿ. ಅಲ್ಲಿ ವ್ಯಾಪಾರ, ಉದ್ಯಮಗಳ ಸದ್ದಿಗೆ ಸಾಮಾನ್ಯ ವಸತಿ ಪ್ರದೇಶದಲ್ಲಿ 40, ಮನೆ ಅಂಗಡಿ ಬೆರೆತ ಕಡೆ 45. ಕಷ್ಟ ಏನೆಂದರೆ, ಬೀದಿಯಲ್ಲಿ ನಿಂತು ನಗುವ ನೂರು ಜನರ ಸದ್ದನ್ನು ಯಾವ ಅಂಗಡಿಯ ಲೆಕ್ಕಕ್ಕೆ ಬರೆಯುವುದು?

ಇನ್ನೊಂದು ಕಾನೂನು ಹೇಳಿದಾಗ ಭಾವ ತಲೆದೂಗಿದರು. ಜರ್ಮನಿಯಲ್ಲಿ ಬಾಡಿಗೆ ಮನೆಗೆ ಏನಾದರೂ ಕೊರತೆ ಬಂದರೆ, ಸದ್ದಿನ ಕಾಟವೂ ಸೇರಿದ ಹಾಗೆ, ಬಾಡಿಗೆ ಕಡಿಮೆ ಕೊಡುವ ಹಕ್ಕು ಬಾಡಿಗೆದಾರನಿಗಿದೆ. ಆದರೆ ಅವರ ನಾಗರಿಕ ಸಂಹಿತೆಯ 536ಬಿ ವಿಧಿ ಹೇಳುವುದು ಹೀಗೆ: ಕರಾರಿಗೆ ಸಹಿ ಹಾಕುವಾಗಲೇ ಆ ಕೊರತೆ ಗೊತ್ತಿದ್ದರೆ ಆ ಹಕ್ಕು ಇಲ್ಲ. ಬಾರಿನ ಬೀದಿ ಅಂತ ಗೊತ್ತಿದ್ದೂ ಬಂದವನು ಬಾರಿದೆ ಅಂತ ದೂರಿ ಬಾಡಿಗೆ ಇಳಿಸಿಕೊಳ್ಳಲು ಆಗುವುದಿಲ್ಲ. "ಇದು ನ್ಯಾಯವಾದ ಮಾತು" ಅಂದರು ಭಾವ.

ಅಕ್ಕನ ಮನಸ್ಸು ಮಾತ್ರ ಕಾನೂನಿನಲ್ಲಿರಲಿಲ್ಲ. "ಅದೆಲ್ಲ ಇರಲಿ. ಹುಡುಗಿ ರಾತ್ರಿ ಒಬ್ಬಳೇ ಬರೋದು ಹೇಗೆ?"

ಈ ಒಂದು ವಿಷಯದಲ್ಲಿ ನಾನು ಬಾರಿನ ಬೀದಿಯ ಪರ. ಲೈಬ್ರರಿಯಿಂದಲೋ ಪಾರ್ಟ್‌ಟೈಮ್ ಕೆಲಸದಿಂದಲೋ ಹನ್ನೊಂದೂವರೆಗೆ ಹೊರಟವಳಿಗೆ ಬೇಕಾದ್ದು ದೀಪ, ಜನ, ತೆರೆದ ಅಂಗಡಿ. ಅಲ್ಲಿ ಮೂರೂ ಇವೆ. ವಾರ್ಶೌವರ್ ಸ್ಟ್ರಾಸೆಯಲ್ಲಿ ಎಂ10 ಟ್ರ್ಯಾಮು ರಾತ್ರಿಯಿಡೀ ಓಡುತ್ತದೆ. ಶುಕ್ರವಾರ, ಶನಿವಾರ ರಾತ್ರಿ ಮೆಟ್ರೊ ನಿಲ್ಲುವುದೇ ಇಲ್ಲ. ಉಳಿದ ದಿನ ಅದರ ಬದಲು ರಾತ್ರಿ ಬಸ್ಸು. ಮೂಲೆಮೂಲೆಗೆ 'ಶ್ಪೇಟಿ' ಅಂತ ಪುಟ್ಟ ಅಂಗಡಿಗಳು. ಭಾನುವಾರ ದೊಡ್ಡ ಅಂಗಡಿಗಳೆಲ್ಲ ಬಾಗಿಲು ಹಾಕುವ ಆ ದೇಶದಲ್ಲಿ ನಡುರಾತ್ರಿ ಹಾಲು, ಬ್ರೆಡ್ಡು ಸಿಗುವುದು ಅಲ್ಲೇ. ದಿನಾ ಹೋದರೆ ಅಂಗಡಿಯವನು ಮುಖ ಗುರುತಿಟ್ಟುಕೊಳ್ಳುತ್ತಾನೆ. ಊರಾಚೆಯ ಶಾಂತ ಬಡಾವಣೆಯಲ್ಲಿ ಒಬ್ಬಳೇ ಬಸ್ಸಿಳಿದು ಮುಚ್ಚಿದ ಮನೆಗಳ ಮುಂದೆ ನಡೆಯುವುದಕ್ಕಿಂತ ಈ ಗದ್ದಲದಲ್ಲಿ ನಡೆಯುವುದು ನನಗೆ ಎಷ್ಟೋ ಧೈರ್ಯದ್ದಾಗಿತ್ತು.

ಹಾಗಂತ ಭಯವೇ ಇಲ್ಲ ಅನ್ನಲಾರೆ. ಹೆಚ್ಚು ಅಪರಾಧ ನಡೆಯುವ ಜಾಗಗಳೆಂದು ಬರ್ಲಿನ್ ಪೊಲೀಸರು ಗುರುತಿಸಿದ್ದರಲ್ಲಿ ವಾರ್ಶೌವರ್ ಸೇತುವೆ, ಕೊಟ್‌ಬುಸರ್ ಟೋರ್, ಗೋರ್ಲಿಟ್ಸರ್ ಪಾರ್ಕು ಸೇರಿವೆ. ಗುಂಪಿದ್ದಲ್ಲಿ ಜೇಬುಗಳ್ಳರೂ ಇರುತ್ತಾರೆ. ಒಬ್ಬ ಸ್ನೇಹಿತನ ಹಾಗೆ ಕುಣಿಯುತ್ತಾ ಬಂದು ಹೆಗಲ ಮೇಲೆ ಕೈ ಹಾಕುತ್ತಾನೆ, ಅವನು ಹೋದ ಮೇಲೆ ನೋಡಿಕೊಂಡರೆ ಫೋನು ಇಲ್ಲ. ಅಲ್ಲಿ ಎಲ್ಲರಿಗೂ ಗೊತ್ತಿರುವ ತಂತ್ರ ಇದು. ಫೋನು ಒಳಜೇಬಿನಲ್ಲಿರಲಿ, ಮುಟ್ಟಲು ಬಂದವರಿಂದ ದೂರ ಸರಿಯಲಿ, ಕತ್ತಲಾದ ಮೇಲೆ ಪಾರ್ಕಿನ ಒಳದಾರಿ ಹಿಡಿಯದಿರಲಿ. ಪೊಲೀಸರಿಗೆ 110, ಆಂಬುಲೆನ್ಸಿಗೆ 112. ಈ ಎರಡು ನಂಬರು ಬಾಯಿಪಾಠ ಆಗಿರಲಿ.

ಅಲ್ಲಿರುವವರೆಲ್ಲ ಕುಡಿಯುವವರು ಅಂತ ಅಕ್ಕನ ತಲೆಯಲ್ಲಿ ಕೂತಿತ್ತು. ಶನಿವಾರ ಬೆಳಗ್ಗೆ ಹತ್ತಿರದ ಬಾಕ್ಸ್‌ಹಾಗನರ್ ಪ್ಲಾಟ್ಸ್‌ಗೆ ಹೋಗಿ ನೋಡಬೇಕು. ತರಕಾರಿ, ಚೀಸು, ಹೂವಿನ ಸಂತೆ. ಮಕ್ಕಳ ಗಾಡಿ ತಳ್ಳುವ ಅಪ್ಪಂದಿರು. ಬರ್ಲಿನ್ ಗೋಡೆ ಬೀಳುವ ಮುಂಚಿನಿಂದ ಅದೇ ಮನೆಯಲ್ಲಿರುವ ಅಜ್ಜಿಯರು. ಭಾನುವಾರ ಅದೇ ಜಾಗದಲ್ಲಿ ಹಳೇ ಸಾಮಾನಿನ ಸಂತೆ. ಬಾರುಗಳ ಮುಂದೆ ಕಸದ ಡಬ್ಬಿಯ ಪಕ್ಕ ಖಾಲಿ ಬಾಟಲಿಗಳನ್ನು ಸಾಲಾಗಿ ನಿಲ್ಲಿಸಿರುತ್ತಾರೆ. ಬಿಯರ್ ಬಾಟಲಿ ವಾಪಸು ಕೊಟ್ಟರೆ 8 ಸೆಂಟು, ಡಬ್ಬಿಗೆ 25. ಮುದುಕರೊಬ್ಬರು ನಸುಕಿನಲ್ಲಿ ಚೀಲ ಹಿಡಿದು ಬಂದು ಅವನ್ನು ಒಂದೊಂದಾಗಿ ಎತ್ತಿಟ್ಟುಕೊಳ್ಳುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಅವರು ಬಗ್ಗಿ ಡಬ್ಬಿಯೊಳಗೆ ಕೈ ಹಾಕಬೇಕಾಗದಿರಲಿ ಅಂತಲೇ ಕುಡಿದವರು ಬಾಟಲಿ ಹೊರಗಿಡುತ್ತಾರೆ. ಕುಡಿದ ಅಮಲಿನಲ್ಲೂ ಇಷ್ಟು ನೆನಪಿಟ್ಟುಕೊಳ್ಳುವ ಜನರ ಮೇಲೆ ನನಗೆ ಗೌರವವಿದೆ.

ಭಾವ ಬೆಂಗಳೂರಿನ ಇಂದಿರಾನಗರದ ಮಾತು ತೆಗೆದರು. ಅವರ ಅಣ್ಣನ ಮನೆ ಅಲ್ಲಿದೆ. "ನಾವು ಸೈಟು ತಗೊಂಡಾಗ ಪಬ್ಬು ಎಲ್ಲಿತ್ತು? ಈಗ ಅಣ್ಣ ರಾತ್ರಿ ಒಂದರ ತನಕ ಕಣ್ಣು ಮುಚ್ಚೋ ಹಾಗಿಲ್ಲ." ಅವರ ಸಿಟ್ಟು ನೂರಕ್ಕೆ ನೂರು ಸರಿ. ಇಂದಿರಾನಗರ, ಕೋರಮಂಗಲದ ನಿವಾಸಿಗಳು ವರ್ಷಗಟ್ಟಲೆ ದೂರು ಕೊಡುತ್ತಾ ಬಂದಿದ್ದಾರೆ. ಅಲ್ಲಿ ಮನೆಗಳು ಮೊದಲು, ಪಬ್ಬುಗಳು ಆಮೇಲೆ. ಆದರೆ ಬರ್ಲಿನ್ನಿನಲ್ಲಿ ಉಲ್ಟಾ ನಡೆದದ್ದೂ ಇದೆ. ಪ್ರೆನ್ಸ್‌ಲವರ್ ಬೆರ್ಗ್‌ನಲ್ಲಿ ಕ್ನಾಕ್ ಎಂಬ ಕ್ಲಬ್ಬು 1952ರಿಂದ ಇತ್ತು. ಪಕ್ಕದಲ್ಲಿ ಹೊಸ ಮನೆಗಳ ಕಟ್ಟಡ ಎದ್ದಿತು, ಹೊಸದಾಗಿ ಬಂದವರು ಸದ್ದಿನ ದೂರು ಕೊಟ್ಟರು, 2010ರ ಕೊನೆಗೆ ಕ್ಲಬ್ಬಿನ ಬಾಗಿಲು ಮುಚ್ಚಿತು. ಮಧ್ಯರಾತ್ರಿಯ ಕಳೆ ನೋಡಿ ಮನಸೋತು ಬಂದವರೇ ಆ ಕಳೆಯನ್ನು ಆರಿಸಿಬಿಟ್ಟರೆ ಅದು ಅನ್ಯಾಯ.

ಆ ನಗರ ಅದರಿಂದ ಪಾಠ ಕಲಿಯಿತು. ಕ್ಲಬ್ಬುಗಳು ಗೋಡೆ, ಮಾಡಿಗೆ ಸದ್ದು ತಡೆಯುವ ವ್ಯವಸ್ಥೆ ಮಾಡಿಕೊಳ್ಳಲಿ ಅಂತ ಬರ್ಲಿನ್ ಸರ್ಕಾರ ಹತ್ತು ಲಕ್ಷ ಯೂರೋದ ನಿಧಿ ಇಟ್ಟಿತು. ಸಂಗೀತದ ಕ್ಲಬ್ಬುಗಳನ್ನು ಜೂಜಿನ ಅಡ್ಡೆಗಳ ಸಾಲಿನಿಂದ ತೆಗೆದು ಸಾಂಸ್ಕೃತಿಕ ಜಾಗಗಳೆಂದು ಪರಿಗಣಿಸಬೇಕು ಅಂತ ಜರ್ಮನ್ ಸಂಸತ್ತು 2021ರಲ್ಲಿ ನಿರ್ಣಯ ಮಾಡಿತು. ಬರ್ಲಿನ್ನಿನ ಟೆಕ್ನೊ ಸಂಗೀತ ಸಂಸ್ಕೃತಿ 2024ರಲ್ಲಿ ಆ ದೇಶದ ಅಮೂರ್ತ ಪರಂಪರೆಯ ಪಟ್ಟಿ ಸೇರಿತು. ಹಾಗಿದ್ದರೂ ನದಿ ದಂಡೆಯ ವಾಟರ್‌ಗೇಟ್ ಕ್ಲಬ್ಬು, 2002ರಿಂದ ನಡೆಯುತ್ತಿದ್ದದ್ದು, ಅದೇ ವರ್ಷದ ಕೊನೆಗೆ ನಿಂತುಹೋಯಿತು. ಖರ್ಚು ಏರಿ, ಬರುವ ಜನ ಕಮ್ಮಿಯಾಗಿ ಸಾಗಿಸಲಾಗಲಿಲ್ಲ. ಕ್ಲಬ್ಬು ಇದ್ದ ಕಡೆ ಹೆಸರು ಬರುತ್ತದೆ, ಹೆಸರಿನ ಹಿಂದೆ ಬಾಡಿಗೆ ಏರುತ್ತದೆ, ಏರಿದ ಬಾಡಿಗೆ ಕ್ಲಬ್ಬನ್ನೂ ಹೊರಗೆ ಹಾಕುತ್ತದೆ, ಹಳೇ ಬಾಡಿಗೆದಾರರನ್ನೂ ಹೊರಗೆ ಹಾಕುತ್ತದೆ. ಅಲ್ಲಿನ ಅಜ್ಜಿಗೂ ಕುಣಿಯಲು ಬಂದ ಹುಡುಗನಿಗೂ ಶತ್ರು ಒಬ್ಬನೇ.

ಮಗಳಿಗೆ ಫೋನು ಹೋಯಿತು. ಕಿಟಕಿ ಬೀದಿಗೇ ಇದೆಯಂತೆ, ಒಂದನೇ ಮಹಡಿಯಂತೆ. ಹಾಗಾದರೆ ಆ ಕೋಣೆ ಬೇಡ, ಆದರೆ ಆ ಕಡೆಯೇ ಬೇಡ ಅನ್ನಬೇಡ ಅಂದೆ. ಎರಡು ಮೂರು ಬೀದಿ ಉತ್ತರಕ್ಕೆ, ಫ್ರಾಂಕ್‌ಫುರ್ಟರ್ ಅಲೇ ಕಡೆಗೆ ಸರಿದರೆ ರಾತ್ರಿಗಳು ಬೇರೆಯೇ ಆಗುತ್ತವೆ. ನಡೆದು ಬರುವಷ್ಟೇ ದೂರ. ಹಿಂದಿನ ಕಟ್ಟಡದಲ್ಲಿ ಸಿಕ್ಕರೆ ಬಿಸಿಲು ಕಮ್ಮಿ ಅಂತ ಬಿಡಬೇಡ, ಓದುವವಳಿಗೆ ನಿದ್ದೆ ಮುಖ್ಯ. ಅಡ್ವಾನ್ಸು ಮೂರು ತಿಂಗಳ ಮೂಲ ಬಾಡಿಗೆಗಿಂತ ಹೆಚ್ಚು ಕೇಳುವ ಹಾಗಿಲ್ಲ. ಮನೆ ಸೇರಿದ ಎರಡು ವಾರದೊಳಗೆ ವಿಳಾಸ ನೋಂದಾಯಿಸಬೇಕು. ಅದಕ್ಕೆ ಮನೆ ಬಾಡಿಗೆಗೆ ಕೊಟ್ಟವರು ಪತ್ರ ಬರೆದುಕೊಡಬೇಕು, ಕೊಡುವುದಿಲ್ಲ ಅಂದರೆ ಆ ಮನೆ ಎಷ್ಟು ಚೆನ್ನಾಗಿದ್ದರೂ ಬೇಡ.

ಎಲ್ಲರಿಗೂ ಇದು ಒಗ್ಗುವ ಜಾಗ ಅಂತಲೂ ಹೇಳುವುದಿಲ್ಲ. ಎಳೇ ಮಗು ಇರುವವರು, ಬೆಳಗ್ಗೆ ಐದಕ್ಕೆ ಕೆಲಸಕ್ಕೆ ಹೊರಡುವವರು, ಸಣ್ಣ ಸದ್ದಿಗೂ ಎಚ್ಚರವಾಗುವವರು ಅಲ್ಲಿ ಹಣ್ಣಾಗಿಹೋಗುತ್ತಾರೆ. ಇಪ್ಪತ್ತಮೂರರ ಹುಡುಗಿಗೆ, ಎರಡು ವರ್ಷದ ಓದಿಗೆ, ಅಂಗಳದ ಕಡೆಯ ಕೋಣೆ ಸಿಕ್ಕರೆ, ನಾನು ಕಣ್ಣುಮುಚ್ಚಿ ಹೂಂ ಅನ್ನುತ್ತೇನೆ. ಹೊಸ ದೇಶದಲ್ಲಿ ಮೊದಲ ಚಳಿಗಾಲದ ಒಂಟಿತನ ಸಣ್ಣದಲ್ಲ. ನಾಲ್ಕು ಗಂಟೆಗೇ ಕತ್ತಲಾಗುವ ಡಿಸೆಂಬರಿನಲ್ಲಿ ಬೀದಿಯಲ್ಲಿ ಜನ ಓಡಾಡುತ್ತಿರುವುದೇ ಒಂದು ಆಸರೆ.

ಅವಳಿಗೆ ಕೊನೆಗೆ ಹೇಳಿದ್ದು ಇಷ್ಟು: ಸೇರಿದ ವಾರದಲ್ಲೇ ಮೇಲಿನ, ಕೆಳಗಿನ ಮನೆಯವರ ಬಾಗಿಲು ತಟ್ಟಿ ನೀನು ಯಾರು ಅಂತ ಹೇಳಿಕೋ. ಬಾರಿನ ಸದ್ದಿಗೆ ಬೇಜಾರಾದರೆ ಪೊಲೀಸರಿಗೆ ಫೋನು ಮಾಡುವ ಮುಂಚೆ ಬಾರಿನವನ ಹತ್ತಿರವೇ ಹೋಗಿ ಮಾತಾಡು. ನೀನೂ ಒಂದು ರಾತ್ರಿ ಸ್ನೇಹಿತರ ಜೊತೆ ಎರಡು ಗಂಟೆಗೆ ಮನೆಗೆ ಬರುತ್ತೀಯ. ಆವತ್ತು ಬೇರೆಯವರ ಕಿಟಕಿ ಕೆಳಗೆ ನಿಂತು ಮಾತಾಡಬೇಡ, ದನಿ ತಗ್ಗಿಸಿ ನಡೆದುಬಿಡು. ಆ ಬೀದಿಯಲ್ಲಿ ಮಲಗಿರುವವರಿಗೂ ಎದ್ದಿರುವವರಿಗೂ ಸಮ ಹಕ್ಕಿದೆ. ಇದನ್ನು ಒಪ್ಪಿಕೊಂಡು ಹೋದವರಿಗೆ ಅದು ಬಾಳುವ ಜಾಗವೇ.