ಎಗ್ಮೋರಿನ ಬೆಲ್ ಮಾಸ್ತರಿಗೊಂದು ಬಹಿರಂಗ ಪತ್ರ

ಮಾನ್ಯ ಡಾಕ್ಟರ್ ಆಂಡ್ರೂ ಬೆಲ್ ಅವರಿಗೆ,

ಚೆನ್ನೈ ಮಾಂಬಲದ ಕನ್ನಡಿಗ ತಾತನೊಬ್ಬನ ನಮಸ್ಕಾರಗಳು. ನಾವೆಲ್ಲ ಕ್ಷೇಮ, ಎರಡನೇ ಕ್ಲಾಸಿನ ಮೊಮ್ಮಗಳ ಡಿಕ್ಟೇಷನ್ ನೋಟ್‌ಬುಕ್ಕಿನ ಕ್ಷೇಮವೊಂದು ಅಷ್ಟಕ್ಕಷ್ಟೇ.

ತಾವು 1789ರಲ್ಲಿ ಎಗ್ಮೋರಿನ ಅನಾಥ ಹುಡುಗರ ಶಾಲೆ ನೋಡಿಕೊಳ್ಳಲು ನಿಂತವರು. ಇಲ್ಲಿನ ಶಾಲೆಯೊಂದರಲ್ಲಿ ಮಕ್ಕಳು ನೆಲದಲ್ಲಿ ಕೂತು ಮರಳ ಮೇಲೆ ಬೆರಳಿನಿಂದ ಅಕ್ಷರ ತಿದ್ದುವುದನ್ನು ಕಂಡು ಮೆಚ್ಚಿದಿರಿ. ನಿಮ್ಮ ಕೈಕೆಳಗಿನವರು ಒಲ್ಲೆವೆಂದಾಗ ಎಂಟು ವರ್ಷದ ಹುಡುಗನ ಕೈಯಲ್ಲೇ ಪಾಠ ಹೇಳಿಸಿದಿರಿ. 1797ರಲ್ಲಿ ಲಂಡನ್ನಿನಲ್ಲಿ ಅದರ ಪುಸ್ತಕವೂ ಆಯಿತು, ‘ಮದ್ರಾಸ್ ಪದ್ಧತಿ’ ಇಂಗ್ಲೆಂಡಿನ ತುಂಬ ಹಬ್ಬಿತು. ಸಂತೋಷ. ಅಸಲು, ಬಡ್ಡಿ ಯಾವುದನ್ನೂ ಕೇಳುತ್ತಿಲ್ಲ.

ಒಂದೇ ತಕರಾರು. ಹಡಗು ಹತ್ತುವಾಗ ಮರಳನ್ನು ಒಯ್ದಿರಿ, ಅದರ ಮೇಲಿದ್ದ ಕಾಗುಣಿತವನ್ನು ಇಲ್ಲೇ ಬಿಟ್ಟಿರಿ. ತಮಿಳಾಗಲಿ ಕನ್ನಡವಾಗಲಿ, ದೀರ್ಘ ಕಂಡರೆ ಎಳೆಯಬೇಕು, ಕಾಣದಿದ್ದರೆ ಸುಮ್ಮನಿರಬೇಕು. ನಿಮ್ಮವರಿಗೋ ಸ್ವರ ಹೆಚ್ಚುಕಡಿಮೆ ಇಪ್ಪತ್ತು, ಅಕ್ಷರ ಐದು: ಒಂದೇ ಛತ್ರದಲ್ಲಿ ಒಂದೇ ಮುಹೂರ್ತಕ್ಕೆ ನಾಲ್ಕು ಮದುವೆ.

ಮೊನ್ನೆ ಟೀಚರ್ ಫೂಡ್, ಗುಡ್, ಬ್ಲಡ್ ಬರೆಸಿದರು. ಫೂಡ್‌ಗೆ ಇವಳು ಎರಡು ಓ ಹಾಕಿದಳು, ರೈಟು. ಪುಟ್ ಇದ್ದ ಹಾಗೆ ಗುಡ್ ಎಂದು ಯು ಹಾಕಿದಳು, ಕೆಂಪು ಗೀಟು. ಮಡ್ ಇದ್ದ ಹಾಗೆ ಬ್ಲಡ್ ಎಂದು ಮತ್ತೆ ಯು, ಮತ್ತೆ ಗೀಟು. (ಪುಟ್‌ಗೂ ಮಡ್‌ಗೂ ಒಂದೇ ಯು ಹೇಗಾಯಿತೆಂದು ಅವಳಿನ್ನೂ ಕೇಳಿಲ್ಲ. ನಾನೂ ಬಾಯಿ ಬಿಟ್ಟಿಲ್ಲ.)

‘ಮೂರಕ್ಕೂ ಅದೇ ಎರಡು ಓನಾ ತಾತಾ?’

ಹೌದು ಪುಟ್ಟಿ, ಹಿಂದೆ ಇಂಗ್ಲಿಷಿನವರು ಮೂರನ್ನೂ ಓಕಾರ ಎಳೆದೇ ಹೇಳುತ್ತಿದ್ದರು. ಆಮೇಲೆ ಒಂದು ಊ ಆಯಿತು, ಇನ್ನೊಂದು ಗಿಡ್ಡವಾಗಿ ಉ, ಮತ್ತೊಂದು ಅ. ನಾಲಿಗೆ ಹೊರಳಿತು, ಅಚ್ಚುಮೊಳೆ ಕದಲಲಿಲ್ಲ ಎಂದೆ.

‘ಹಾಗಾದ್ರೆ ನಾನು ಬರೆದಿದ್ದು ಸರಿ, ಅವರು ಓದೋದೇ ತಪ್ಪು!’

ಟೀಚರ್ ಮುಂದೆ ಹಾಗನ್ನಬೇಡ ಎಂದು ಕೈಮುಗಿದೆ.

ಈಗ ತಮ್ಮಿಂದ ಒಂದು ಉಪಕಾರ ಆಗಬೇಕು. ತಾವು ಮಲಗಿರುವುದು ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ. 1476ರಲ್ಲಿ ವಿಲಿಯಂ ಕ್ಯಾಕ್ಸ್‌ಟನ್ ಇಂಗ್ಲೆಂಡಿನ ಮೊದಲ ಅಚ್ಚುಕೂಟ ಹೂಡಿದ್ದು ಅದೇ ಆವರಣದಲ್ಲಿ. ಸ್ವರಗಳೆಲ್ಲ ಇನ್ನೂ ಅಲ್ಲಾಡುತ್ತಿದ್ದಾಗಲೇ ಮೊಳೆ ಜೋಡಿಸಲು ಕೂತ ಮಹಾನುಭಾವರು. ನೆರೆಹೊರೆಯವರಲ್ಲವೇ, ಕಂಡಾಗ ಕೇಳಿ ನೋಡಿ: ಫ್ರೆಂಡ್‌ನಲ್ಲಿ ಆ ಐ ಏನು ಕೆಲಸ ಮಾಡುತ್ತಿದೆ?

ಉತ್ತರ ಭಾನುವಾರದೊಳಗೆ ಬಂದರೆ ಒಳ್ಳೆಯದು. ಸೋಮವಾರ ಮತ್ತೆ ಡಿಕ್ಟೇಷನ್.

ಇಂತಿ ತಮ್ಮ ವಿಧೇಯ,
ಮಾಂಬಲದ ತಾತ