ಯಾರೂ ಕೇಳದ ಬ್ಯಾಂಡನ್ನು ಪತ್ತೆಹಚ್ಚುವ ಸುಲಭ ಕ್ರಮ

ಮರೆತುಹೋದ ಆಲ್ಟರ್ನೇಟಿವ್ ರಾಕ್ ಬ್ಯಾಂಡುಗಳನ್ನು ಹಳೆಯ ಪ್ಲೇಟುಗಳಿಂದ ಎತ್ತಿ ಲೋಕಕ್ಕೆ ತೋರಿಸುವುದು ಬೆಂಗಳೂರು, ಮುಂಬಯಿಯವರ ಗುತ್ತಿಗೆಯಲ್ಲ. ಅಬ್ಬೆತುಮಕೂರಿನಲ್ಲಿ ಕೂತೂ ಮಾಡಬಹುದು. ಇಲ್ಲಿ ಇನ್ನೂ ಸಲೀಸು. ನಿಮ್ಮ ಮಾತಿಗೆ ಅಡ್ಡಮಾತಾಡುವವರು ಯಾದಗಿರಿ ಸ್ಟೇಷನ್ನಿನ ಈಚೆಗೆ ಸಿಗುವುದು ಕಷ್ಟ. ಕೆಳಗಿನ ಹಂತಗಳನ್ನು ಒಂದೊಂದಾಗಿ ಪಾಲಿಸಿ.

ಹಂತ 1: ಬ್ಯಾಂಡ್ ಆರಿಸಿ. ಹಾಡು ಕೇಳಿ ಆರಿಸಬೇಡಿ, ಸೋಲು ನೋಡಿ ಆರಿಸಿ. ಮೆಂಫಿಸ್‌ನ ಬಿಗ್ ಸ್ಟಾರ್ ಬ್ಯಾಂಡನ್ನು ಮಾದರಿಯಾಗಿ ಇಟ್ಟುಕೊಳ್ಳಿ. 1972ರಲ್ಲಿ ತಮ್ಮ ಮೊದಲ ಎಲ್‌ಪಿಗೆ ‘ನಂಬರ್ ಒನ್ ರೆಕಾರ್ಡ್’ ಎಂದೇ ಹೆಸರಿಟ್ಟರು. ವಿಮರ್ಶಕರು ಹೊಗಳಿದರು, ವಿತರಣೆ ಹಳ್ಳ ಹಿಡಿಯಿತು, ಕೊಳ್ಳಲು ಹೋದವರಿಗೆ ಪ್ಲೇಟೇ ಸಿಗಲಿಲ್ಲ. ಇಷ್ಟು ಯೋಗ್ಯತೆ ಇದ್ದ ಬ್ಯಾಂಡೂ ಕೆಟ್ಟಿತು: 1987ರಲ್ಲಿ ರಿಪ್ಲೇಸ್‌ಮೆಂಟ್ಸ್ ಎಂಬ ಬ್ಯಾಂಡಿನವರು ಇದರ ಗಾಯಕನ ಹೆಸರಲ್ಲೇ ಹಾಡು ಕಟ್ಟಿ ಗುಟ್ಟು ಬಯಲು ಮಾಡಿಬಿಟ್ಟರು. ಆದ್ದರಿಂದ ಬಿಗ್ ಸ್ಟಾರ್ ಹೆಸರನ್ನು ತಲೆಯಾಡಿಸಲು ಮಾತ್ರ ಬಳಸಿ.

ದೇಶೀ ಸರಕು ಬೇಕೆಂದರೆ ‘ಸಿಮ್ಲಾ ಬೀಟ್’ ಹಿಡಿಯಿರಿ. ಸಿಗರೇಟು ಕಂಪನಿಯೊಂದು ಪ್ರಚಾರಕ್ಕೆಂದು ನಡೆಸಿದ ರಾಕ್ ಸ್ಪರ್ಧೆಯದು. 1970 ಮತ್ತು 1971ರ ಎರಡು ಎಲ್‌ಪಿಗಳಲ್ಲಿ ಉಳಿದಿದೆ. ಮುಂಬಯಿಯ ಆಟೋಮಿಕ್ ಫಾರೆಸ್ಟ್ ಇನ್ನೂ ಒಳ್ಳೆಯದು. ಪ್ಲೇಟಿನ ಹೆಸರು ‘ಒಬ್ಸೆಷನ್ 77’, ಅಂಗಡಿಗೆ ಬಂದದ್ದು 1981ರಲ್ಲಿ. ಇದು ಆಲ್ಟರ್ನೇಟಿವ್ ಹೇಗಾಗುತ್ತದೆ ಎಂದು ಯಾರಾದರೂ ಕೇಳಿದರೆ ಕನಿಕರದಿಂದ ನಕ್ಕುಬಿಡಿ.

ಹಂತ 2: ಪ್ಲೇಟು ಹುಡುಕಿ. ಅಮೆರಿಕದಲ್ಲಿ ಆಲ್ಟರ್ನೇಟಿವ್ ರಾಕ್ ಚಿಗುರಿದ ಎಂಬತ್ತರ ದಶಕದಲ್ಲೇ ನಮ್ಮಲ್ಲಿ ಕ್ಯಾಸೆಟ್ ಬಂದು ಪ್ಲೇಟನ್ನು ನುಂಗಿತು. ಅಂದರೆ ನೀವು ಹುಡುಕುತ್ತಿರುವ ವಸ್ತು ಈ ಸೀಮೆಗೆ ಬಂದೇ ಇಲ್ಲ. ಎದೆಗುಂದಬೇಡಿ, ಹುಡುಕಾಟ ದೊಡ್ಡದಾಗುವುದೇ ಹೀಗೆ. ಮದುವೆಗೆ, ಊರಿನ ವಿಶ್ವಾರಾಧ್ಯರ ಜಾತ್ರೆಗೆ ಹಾಡು ಹಾಕುತ್ತಿದ್ದಂಥ ಹಳೆಯ ಮೈಕ್‌ಸೆಟ್ಟಿನವರ ಮನೆಗೆ ಹೋಗಿ.

“ಕಾಕಾ, ಹಳೀ ಪ್ಲೇಟ್ ಏನರ ಅವೇನ್ರಿ?” ಎಂದು ಕೇಳಿ.

“ಅವ್ಯಾಕ ಬೇಕೋ ತಮ್ಮ? ಪೆನ್‌ಡ್ರೈವ್ ಒಯ್ಯಿ, ಸಾವಿರ ಹಾಡ ಅದಾವ” ಎಂದಾರು.

ಪೆನ್‌ಡ್ರೈವ್ ಕಡೆ ನೋಡಬೇಡಿ. ಟ್ರಂಕು ತೆಗೆಸಿ. ಮೇಲೆಯೇ ಶಂಕರ್‌ನಾಗರ 1981ರ ‘ಗೀತಾ’ ಚಿತ್ರದ ಪ್ಲೇಟು ಸಿಗಬಹುದು. ಇಳಯರಾಜಾ ಸಂಗೀತ, ಗಿಟಾರೂ ಇದೆ, ಕೇಳಿದರೆ ಕುಣಿಯುವಂತಿದೆ; ಊರಿಗೆ ಊರೇ ಬಾಯಿಪಾಠ ಮಾಡಿದೆ. ತಕ್ಷಣ ಪಕ್ಕಕ್ಕಿಡಿ. ‘ಆಪರೇಷನ್ ಡೈಮಂಡ್ ರಾಕೆಟ್’ ಚಿತ್ರಕ್ಕೆ ರಾಜ್‌ಕುಮಾರ್ ಇಂಗ್ಲಿಷಿನಲ್ಲಿ ಹಾಡಿದ್ದು ಸಿಕ್ಕರೂ ಅದೇ ಗತಿ. ಜನಕ್ಕೆ ಇಷ್ಟವಾದದ್ದನ್ನು ಪತ್ತೆಹಚ್ಚಿದ ಕೀರ್ತಿ ಯಾರಿಗೂ ಬರುವುದಿಲ್ಲ. ಲೇಬಲ್ ಕಿತ್ತುಹೋದ, ಕವರಿಲ್ಲದ, ಕಾಕಾ ಕೂಡ ಗುರುತು ಹಿಡಿಯದ ಪ್ಲೇಟೊಂದನ್ನು ಎತ್ತಿಕೊಂಡು, ಕಣ್ಣು ಮುಚ್ಚಿ, “ಸಿಕ್ತು” ಎನ್ನಿ.

ಹಂತ 3: ಜೋಪಾನ ಮಾಡಿ. ತಿಳಿಗೇಡಿಗಳು ಪ್ಲೇಟನ್ನು ನೆರಳಲ್ಲಿ, ನೆಟ್ಟಗೆ ನಿಲ್ಲಿಸಿ ಇಡುತ್ತಾರೆ. ನೀವು ತಗಡಿನ ಮನೆಯಲ್ಲಿ ಅಡ್ಡಡ್ಡ ಪೇರಿಸಿ, ಮೇಲೊಂದು ತೊಗರಿ ಚೀಲ ಇಡಿ. ನಿಮಿಷಕ್ಕೆ 78 ಸುತ್ತು ಓಡುವ ಅರಗಿನ ಪ್ಲೇಟು ಬಿದ್ದರೆ ಒಡೆಯುತ್ತದೆ. ವಿನೈಲ್ ಶಾಖಕ್ಕೆ ಬಾಗುತ್ತದೆ. ನಲವತ್ತು ಡಿಗ್ರಿ ದಾಟುವ ನಮ್ಮ ಬ್ಯಾಸಿಗಿ ಒಂದು ಮೇ ತಿಂಗಳಲ್ಲಿ ಅದಕ್ಕೆ ರೊಟ್ಟಿಯ ಉಬ್ಬು ಕೊಡುತ್ತದೆ. ಅದರಿಂದ ದನಿ ಅಲೆಅಲೆಯಾಗುತ್ತದೆ. ಅದನ್ನು ‘ಅನಲಾಗ್ ಬಿಸುಪು’ ಎಂದು ಕರೆಯಿರಿ. ಧೂಳು ಒರೆಸಬೇಡಿ, ಚಟಪಟ ಸದ್ದಿಲ್ಲದಿದ್ದರೆ ಪ್ಲೇಟು ಹಳೆಯದೆಂದು ನಂಬುವವರಾರು?

ಹಂತ 4: ನುಡಿಸಿ. ಎಲ್‌ಪಿಯನ್ನು ನಿಮಿಷಕ್ಕೆ 33⅓ ಸುತ್ತಿನಲ್ಲಿ ಓಡಿಸಬೇಕೆಂಬುದು ಬರೀ ರೂಢಿ. 45ರಲ್ಲಿ ಓಡಿಸಿ. ಗಾಯಕನ ದನಿ ಕೂಸಿನದಾದಾಗ “ಇವರು ಕಾಲಕ್ಕಿಂತ ಮುಂದಿದ್ದರು” ಎನ್ನಿ. ನಡುವೆ ಕರೆಂಟ್ ಹೋಗಿ ಹಾಡು ಗೊಗ್ಗರಾಗಿ ನಿಂತರೆ ಚಪ್ಪಾಳೆ ತಟ್ಟಿ. ಮುಕ್ತಾಯ ಹಾಗೆಯೇ ಇರುವುದು ಎಂದು ನೆರೆದವರಿಗೆ ತಿಳಿಸಿ.

ಹಂತ 5: ಮಾತಾಡಿ. ರಾಗ, ತಾಳ, ಸಾಹಿತ್ಯದ ಬಗ್ಗೆ ತುಟಿ ಬಿಚ್ಚಬೇಡಿ. ಕಿವಿ ಇರುವವರೆಲ್ಲ ಅದರಲ್ಲಿ ಪಾಲು ಕೇಳುತ್ತಾರೆ. ಗೆರೆಗಳು ಮುಗಿದು ಲೇಬಲ್ ಶುರುವಾಗುವ ನಡುವಿನ ಪಟ್ಟಿಯಲ್ಲಿ ಕೊರೆದ ನಂಬರ್ ಇರುತ್ತದೆ. ಭೂತಗನ್ನಡಿ ಹಿಡಿದು ಅದನ್ನು ಗಟ್ಟಿಯಾಗಿ ಓದಿ. ಕೇಳುವವರು ಎದ್ದು ಹೋಗುವ ತನಕ ಓದಿ.

ಹಂತ 6: ಅಪಾಯ ಗುರುತಿಸಿ. ಎಂದೋ ಒಂದು ದಿನ ಸೂಜಿ ಸರಿಯಾದ ಗೆರೆಗೆ ಕೂತು, ಹಾಡು ಚೆನ್ನಾಗಿದೆ ಅನ್ನಿಸಿಬಿಡಬಹುದು. ಪಕ್ಕದ ಮನೆಯ ಹುಡುಗ ಬಾಗಿಲಿಗೆ ಬಂದು, “ಮಾಮಾ, ಇನ್ನೊಮ್ಮೆ ಹಚ್ರಿ” ಎನ್ನಬಹುದು. ಹಚ್ಚಬೇಡಿ. ಅವನು ಗೆಳೆಯರನ್ನು ಕರೆತರುತ್ತಾನೆ, ಅವರು ಅದನ್ನು ಗುನುಗುತ್ತಾರೆ, ಜಾತ್ರೆಯ ಹೊತ್ತಿಗೆ ಕಾಕಾನ ಪೆನ್‌ಡ್ರೈವಿಗೂ ಸೇರಿರುತ್ತದೆ. ಪ್ಲೇಟನ್ನು ಕೂಡಲೇ ಗುಜರಿಗೆ ಹಾಕಿ, ಆ ಬ್ಯಾಂಡ್ ಈಗ ಮೊದಲಿನಂತಿಲ್ಲ ಎಂದು ಸಾರಿ, ಹಂತ 1ಕ್ಕೆ ಮರಳಿ.