ಅಂಬಾಸಿಡರಿನ ನೈಯಾಯಿಕರು

ಬಸವನಗುಡಿ, ಜಯನಗರ, ಮೈಸೂರಿನ ಸರಸ್ವತೀಪುರ ಮೊದಲಾದ ಹಳೆಯ ಬಡಾವಣೆಗಳಲ್ಲಿ ಭಾನುವಾರದ ಬೆಳಗ್ಗೆ ಅಡ್ಡಾಡಿದವರಿಗೆ ಈ ಮಹಾಶಯರ ದರ್ಶನ ಆಗದೆ ಇರಲಾರದು. ಆದರೆ ಮೊದಲು ಕಾಣುವುದು ಅವರ ಮುಖಾರವಿಂದವಲ್ಲ, ಕಾಂಪೌಂಡಿನೊಳಗೆ ನಿಂತ ಅಂಬಾಸಿಡರ್ ಕಾರಿನ ಅಡಿಯಿಂದ ಹೊರಚಾಚಿರುವ ಪಾದದ್ವಯ, ಮತ್ತು ಗ್ರೀಸಿನ ಸಹವಾಸದಿಂದ ತನ್ನ ಮೂಲವರ್ಣವನ್ನು ಎಂದೋ ತ್ಯಜಿಸಿರುವ ಪಂಚೆಯ ಅಂಚು. ಬ್ಯಾಂಕಿನಲ್ಲಿಯೋ ಕಾಲೇಜಿನಲ್ಲಿಯೋ ದುಡಿದು ನಿವೃತ್ತರಾದವರು, ಹಣಕ್ಕೆ ಕೊರತೆಯಿಲ್ಲ, ಹೊಸ ಕಾರು ಕೊಡಿಸುತ್ತೇವೆಂದು ಮಕ್ಕಳು ಬೇಡಿಕೊಂಡದ್ದೂ ಉಂಟು. ಆದರೆ 1489 ಸಿ.ಸಿ.ಯ ಆ ಇಂಜಿನ್ನಿನಾಚೆ ಯಂತ್ರಶಾಸ್ತ್ರದಲ್ಲಿ ಸಾಧಿಸಬೇಕಾದದ್ದೇನೂ ಉಳಿದಿರಲಿಲ್ಲವೆಂದೂ, 2014ರಲ್ಲಿ ಉತ್ತರಪಾರಾದ ಕಾರ್ಖಾನೆ ಅಂಬಾಸಿಡರಿನ ತಯಾರಿಕೆಯನ್ನು ನಿಲ್ಲಿಸಿದ್ದು ಮನುಕುಲದ ಅವಿವೇಕವೆಂದೂ ಅವರು ತೀರ್ಮಾನಿಸಿಬಿಟ್ಟಿದ್ದಾರೆ.

ಅವರು ಕಾರನ್ನಿಟ್ಟುಕೊಂಡಿರುವುದು ಪ್ರಯಾಣಕ್ಕೆಂದು ಭಾವಿಸುವವರು ಅವರನ್ನು ಅರಿತವರಲ್ಲ. ಒಂದೇ ಸಲಕ್ಕೆ ಸ್ಟಾರ್ಟ್ ಆದ ದಿನ ಅವರ ಮುಖದಲ್ಲಿ ಒಂದು ಬಗೆಯ ಖಿನ್ನತೆ ಕವಿಯುತ್ತದೆ. ಅಂದು ವಿಚಾರಕ್ಕೆ ವಿಷಯವಿಲ್ಲ. ಬದಲಾಗಿ ಹೆಂಡತಿ, ಅತ್ತಿಗೆ, ಅತ್ತಿಗೆಯ ತಾಯಿ ರೇಷ್ಮೆ ಸೀರೆಯುಟ್ಟು ಹಿಂದಿನ ಸೀಟಿನಲ್ಲಿ ಮದುವೆಗೆಂದು ಕುಳಿತಿರುವಾಗ ಸೆಲ್ಫ್ ಒಮ್ಮೆ "ಟಕ್" ಎಂದು ಸುಮ್ಮನಾಯಿತೆನ್ನಿ, ಆ ಕ್ಷಣವೇ ಯಜಮಾನರ ಕಣ್ಣುಗಳಲ್ಲಿ ತೇಜಸ್ಸು ಮೂಡುತ್ತದೆ.

"ಹೆಡ್‌ಲೈಟ್ ಹಾಕು" ಎಂದು ಮಗನಿಗೆ ಅಪ್ಪಣೆಯಾಗುತ್ತದೆ. ಇಲ್ಲಿಂದ ಮುಂದೆ ಶುದ್ಧ ತರ್ಕ. ಸೆಲ್ಫ್ ಹೊಡೆದಾಗ ದೀಪ ಮಂಕಾದರೆ ದೋಷವು ಬ್ಯಾಟರಿಯ ದೌರ್ಬಲ್ಯದಲ್ಲೋ, ಟರ್ಮಿನಲ್ಲಿಗೆ ಹತ್ತಿದ ಬಿಳಿಯ ಕಿಲುಬಿನಲ್ಲೋ, ಫ್ಲೈವೀಲಿನ ಹಲ್ಲಿಗೆ ಕಚ್ಚಿಕೊಂಡ ಸ್ಟಾರ್ಟರಿನ ಬೆಂಡಿಕ್ಸಿನಲ್ಲೋ ಇರಬೇಕು. ಮಂಕಾಗದೆ ನಿರ್ವಿಕಾರವಾಗಿ ಉರಿಯುತ್ತಿದ್ದರೆ ಮೋಟರಿಗೆ ಕರೆಂಟೇ ಹೋಗಿಲ್ಲ, ಆದುದರಿಂದ ಸ್ವಿಚ್ಚನ್ನೋ ಸವೆದ ಕಾರ್ಬನ್ ಬ್ರಷ್ಷನ್ನೋ ಶಂಕಿಸತಕ್ಕದ್ದು. ಅನ್ವಯ ವ್ಯತಿರೇಕಗಳೆರಡೂ ಇಷ್ಟು ಸ್ಫುಟವಾಗಿ ಒಂದು ಜೊತೆ ಬಲ್ಬಿನಲ್ಲಿ ಬೆಳಗಿದ್ದನ್ನು ನ್ಯಾಯಶಾಸ್ತ್ರಜ್ಞರೂ ಕಂಡಿರಲಾರರು.

"ರೀ, ಧಾರೆ ಹತ್ತೂವರೆಗೆ. ಆಟೋ ಕರೆಸಲೇ?"

"ಆಟೋ ಯಾವಾಗ ಬೇಕಾದರೂ ಸಿಗುತ್ತೆ ಕಣೇ. ಇಂಥ ಕೇಸು ಸಿಗುತ್ತದೆಯೇ?"

ಅವರ ನಿದಾನ ಹುಸಿಯಾಗುವುದಿಲ್ಲವೆಂಬುದೇ ಈ ವ್ಯಕ್ತಿಗಳ ವಿಷಯದಲ್ಲಿ ಕಷ್ಟ; ಹುಸಿಯಾಗಿದ್ದರೆ ಮನೆಯವರು ಎಂದೋ ಗೆದ್ದಿರುತ್ತಿದ್ದರು. ಇಂಜಿನ್ನು ರಬ್ಬರಿನ ಮೇಲೆ ಕುಳಿತಿರುವುದರಿಂದ, ಅದನ್ನು ಬಾಡಿಯೊಂದಿಗೆ ಕೂಡಿಸುವ ಅರ್ತ್ ಪಟ್ಟಿ ಸಡಿಲವಾದರೆ ಸ್ಟಾರ್ಟರಿನ ಕರೆಂಟು ಮರಳುವ ಮಾರ್ಗ ಕಾಣದೆ ಚೋಕಿನ ತಂತಿಯನ್ನೇ ಆಶ್ರಯಿಸಿ ಅದನ್ನು ಸುಡುವಂತೆ ಕಾಯಿಸುತ್ತದೆಂಬ ರಹಸ್ಯವನ್ನು, ಚೋಕಿನ ಗುಂಡಿಯನ್ನು ಬೆರಳಿನಿಂದ ಮುಟ್ಟಿ, ಬೆರಳನ್ನು ಬಾಯಲ್ಲಿಟ್ಟುಕೊಂಡು, ಆನಂದದಿಂದ ಅವರು ಘೋಷಿಸಿದ್ದನ್ನು ಕೇಳಿದವರಿದ್ದಾರೆ. ಬೆಂಡಿಕ್ಸ್ ಕಚ್ಚಿಕೊಂಡಿದ್ದರೆ ಅದಕ್ಕೆ ಪರಿಹಾರ ಇಡೀ ಬೀದಿಯ ಪಾಲಿನದು: ಇಗ್ನಿಷನ್ ಆಫ್ ಮಾಡಿ, ಟಾಪ್ ಗೇರಿನಲ್ಲಿಟ್ಟು, ಕಾರನ್ನು ಹಿಂದಕ್ಕೂ ಮುಂದಕ್ಕೂ ತೂಗಬೇಕು. ಹಾಲು ತರಲು ಹೊರಟವರು, ವಾಯುಸೇವನೆ ಮುಗಿಸಿ ಬರುತ್ತಿದ್ದವರು, ಪತ್ರಿಕೆ ಹಂಚುವ ಹುಡುಗ, ಎಲ್ಲರೂ ಡಿಕ್ಕಿಗೆ ಕೈಹಚ್ಚಿ ನಿಂತಾಗ, ನಾಲ್ಕು ಸಿಲಿಂಡರಿನ ಇಂಜಿನ್ನು ನಿಲ್ಲುವಾಗಲೆಲ್ಲ ಹೆಚ್ಚುಕಡಮೆ ಅವವೇ ಎರಡು ಎಡೆಗಳಲ್ಲಿ ನಿಲ್ಲುವುದರಿಂದ ರಿಂಗಿನ ಹಲ್ಲುಗಳು ಅಲ್ಲಲ್ಲಿಯೇ ಸವೆಯುತ್ತವೆಂಬ ಉಪನ್ಯಾಸವನ್ನೂ ಅವರು ಕೇಳಿಸಿಕೊಳ್ಳಬೇಕಾಗುತ್ತದೆ. ತಳ್ಳುವವರಿಗೆ ಉಸಿರಿಲ್ಲದಿರುವುದರಿಂದ ಪ್ರತಿವಾದದ ಭಯವಿಲ್ಲ.

ಕ್ಲಚ್ಚಿನ ಪ್ರಕರಣ ಇದಕ್ಕಿಂತ ಸೂಕ್ಷ್ಮವಾದದ್ದು. ಗೇರು ಕರಕರ ಎಂದು ಬಿದ್ದರೆ ಕ್ಲಚ್ಚು ಬಿಡುತ್ತಿಲ್ಲ. ಇಂಜಿನ್ನು ಮೊರೆದರೂ ಕಾರು ಏರದಿದ್ದರೆ ಹಿಡಿಯುತ್ತಿಲ್ಲ. ಹಿಡಿಯುತ್ತಿಲ್ಲವೆಂಬ ಸಂಶಯ ಒಮ್ಮೆ ಯಜಮಾನರಿಗೆ ಬಂದದ್ದು ಸೌತ್ ಎಂಡ್ ಸರ್ಕಲ್ಲಿನ ಸಿಗ್ನಲ್ಲಿನಲ್ಲಿ, ಕಚೇರಿಯ ಹೊತ್ತಿನಲ್ಲಿ. ಅದಕ್ಕೆ ಶಾಸ್ತ್ರೋಕ್ತವಾದ ಪರೀಕ್ಷೆಯೊಂದಿದೆ: ಹ್ಯಾಂಡ್‌ಬ್ರೇಕ್ ಎಳೆದು, ಟಾಪ್ ಗೇರ್ ಹಾಕಿ, ಕ್ಲಚ್ ಪೆಡಲನ್ನು ಮೆಲ್ಲನೆ ಬಿಡುವುದು, ಇಂಜಿನ್ನು ಓಡುತ್ತಲೇ ಇದ್ದರೆ ಪ್ಲೇಟು ಸವೆದಿದೆ ಅಥವಾ ಅದಕ್ಕೆ ಆಯಿಲ್ ತಗುಲಿದೆ, ಉಸಿರುಗಟ್ಟಿ ನಿಂತರೆ ಕ್ಲಚ್ಚು ನಿರ್ದುಷ್ಟ. ನಿಂತಿತು. "ನೋಡಿದೆಯಾ, ಕ್ಲಚ್ಚಿನಲ್ಲಿ ಏನೂ ದೋಷವಿಲ್ಲ" ಎಂದು ಅವರು ಪಕ್ಕದಲ್ಲಿದ್ದ ಅಳಿಯನ ತೊಡೆ ತಟ್ಟಿದರು. ಆಗ ಸಿಗ್ನಲ್ ಹಸಿರಾಯಿತು. ಸೆಲ್ಫ್ ತೆಗೆದುಕೊಳ್ಳಲಿಲ್ಲ. ಹಿಂದಿನಿಂದ ಬಸ್ಸುಗಳ ಹಾರನ್ನು ಕಿವಿ ಬಿರಿಯುವಂತೆ ಮೊಳಗುತ್ತಿರಲು, ಅವರು ಅವಸರಪಡದೆ ಡಿಕ್ಕಿಯಿಂದ ಸ್ಟಾರ್ಟ್ ಮಾಡುವ ಹ್ಯಾಂಡಲನ್ನು ತೆಗೆದು, ಮುಂಭಾಗಕ್ಕೆ ಬಂದು, ಅದನ್ನು ತೂರಿಸುವ ಮುನ್ನ ಟ್ರಾಫಿಕ್ ಪೊಲೀಸಿನವನಿಗೆ ನಮಸ್ಕರಿಸಿದರಂತೆ. ಅಳಿಯ ಈಗ ಮಾವನ ಮನೆಗೆ ಬಸ್ಸಿನಲ್ಲಿ ಬರುತ್ತಾನೆ.

ಮನೆಯವರ ಒತ್ತಾಯಕ್ಕೆ ಕಾರನ್ನು ಮಾರಲು ಅವರು ಒಪ್ಪಿದ್ದೂ ಉಂಟು. ಬಂದ ಗಿರಾಕಿಗಳ ಮುಂದೆ ಅದರ ವ್ಯಾಧಿಗಳನ್ನೆಲ್ಲ ಸವಿಸ್ತಾರವಾಗಿ, ಮೊಮ್ಮಕ್ಕಳ ಚೇಷ್ಟೆಯನ್ನು ಹೇಳುವ ತಾತನ ಹೆಮ್ಮೆಯಿಂದ ವರ್ಣಿಸಿದ್ದರಿಂದ ಬಹುಮಂದಿ ಗೇಟಿನಿಂದಲೇ ಹಿಂದಿರುಗಿದರು. ಕಡೆಗೆ ಬಂದವರೊಬ್ಬರು ಮಾತ್ರ ಬೆಲೆ ಕೇಳದೆ, ಬಣ್ಣ ನೋಡದೆ, ಒಳಗೆ ಕುಳಿತು ಪೆಡಲನ್ನು ಎರಡು ಸಲ ಒತ್ತಿ, ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ ಆಲಿಸಿ, "ಒತ್ತಿದಾಗ ಶಬ್ದ, ಬಿಟ್ಟರೆ ಇಲ್ಲ. ರಿಲೀಸ್ ಬೇರಿಂಗ್ ಅಲ್ಲವೇ?" ಎಂದರು. ಯಜಮಾನರು ಅವರನ್ನು ಆಪಾದಮಸ್ತಕ ನೋಡಿ, ಒಳಗೆ ತಿರುಗಿ ಕಾಫಿಗೆ ಹೇಳಿದರು. ಈಗ ಗೇರ್‌ಬಾಕ್ಸ್ ಇಳಿದಿದೆ, ಇಬ್ಬರೂ ಕೂಡಿ ಬಿಡಿಭಾಗಕ್ಕೆಂದು ಜೆ.ಸಿ. ರಸ್ತೆಗೆ ಹೋಗಿ ಬಂದಿದ್ದಾರೆ, ಭಾನುವಾರ ಕಾರಿನ ಅಡಿಯಿಂದ ನಾಲ್ಕು ಪಾದಗಳು ಕಾಣುತ್ತವೆ. ಬೆಲೆಯ ಮಾತು ಇನ್ನೂ ಎದ್ದಿಲ್ಲ.